ಮುಟ್ಟಿದ್ ಕೈಗೆ ಮಾತ್ರ ಆಣೆ

…ಐದೋಟಂತೆ! ಕೇಳುಸ್ಕಂಡ್ಯಾ ನಿಮ್ಮಪ್ಪ ಫೋನಲ್ಲಿ ಅಂದಿದ್ನ? ‘ನಮ್ಮನೇಲಿ ಐದೋಟವೆ ಅಣ್ಣ, ಐದೂ ನಿಮ್ಗೇಯ, ತಲೆ ಕೆಡುಸ್ಕಬ್ಯಾಡಿ’ ಅಂತ. ತೆಂಗಿನಕಾಯಿ ಲೆಕ್ಕಕ್ಕೆ ಕೊಟ್ಟಂಗೆ ಕೊಟ್ಬುಟ್ಟ ನೋಡು, ನಂದೂ ಸೇರುಸ್ಕಂಡು, ಇನ್ನೂ ಓಟಿನ ವಯಸ್ಸೇ ಬರ್ದಿರೋ ನಿನ್ ತಂಗೀದೂ ಸೇರುಸ್ಕಂಡು. ನನ್ನ ಕೇಳುದ್ನಾ? ನಿನ್ನ ಕೇಳುದ್ನಾ? ನೀನು ಈ ಸಲ ತಾನೆ ಕಾರ್ಡು ತಕ್ಕಂಡಿರೋದು, ಇನ್ನೂ ಬೆರಳಿಗೆ ಮಸಿ ಬಿದ್ದಿಲ್ಲ, ಆಗ್ಲೇ ನಿನ್ನೋಟು ಮನೆ ಬುಟ್ಟು ಒಂಟೋಯ್ತು. ನಗಬ್ಯಾಡ ಕಣ್ಲಾ ಮನು. ಮತ್ತೆ ನೀನೇನಂದೆ ಈಗ? ದೊಡ್ಡ ಪಕ್ಸದ ಆ ಇಬ್ರುನ್ನೂ ಬುಟ್ಟು ಮೂರ್ನೇಯೋರ್ಗೆ ಆಕುದ್ರೆ ಓಟು ವೇಸ್ಟಾ? ಯಾರ್ಲಾ ಯೋಳಿದ್ದು ನಿಂಗೆ? ಕಾಲೇಜಲ್ಲಿ ಇದ್ನೇ ಕಲ್ಸೋದಾ? ಬಾ ಇಲ್ಲಿ, ಕೂತ್ಕೊ. ಸಿಂಚನ, ನೀನೂ ಬಾ ಕೂಸೆ, ಆ ಫೋನು ಅತ್ಲಾಗ್ ಮಡ್ಗು. ಅವರೆಕಾಯಿ ಮಂಕ್ರಿ ಇತ್ಲಾಗ್ ಎಳ್ಕಳಿ, ಸುಲೀತಾ ಕೇಳಿ. ಕೈಗೂ ಕೆಲ್ಸ ಆಯ್ತದೆ, ಕಿವಿಗೂ ಆಯ್ತದೆ.

ನೀನಾಗ ಚಡ್ಡಿ ಆಕ್ಕಂಡು ಕೋಳಿ ಅಟ್ಟುಸ್ಕಂಡು ಓಡಾಡ್ತಿದ್ದೆ ಮನು, ಇವ್ಳು ಇನ್ನೂ ತೊಟ್ಲಲ್ಲಿದ್ಲು. ನಿಮ್ ತಾತ ತೀರೋಗಿ ಒಂದೆರಡು ವರ್ಸ ಆಗಿತ್ತು ಅನ್ಕೊ. ಊರ ಹಿಂದ್ಲ ಗುಡ್ಡ ಐತಲ್ಲ, ನೀವು ಗಾಳಿಪಟ ಬುಡಕ್ಕೆ ಓಗ್ತಿದ್ರಲ್ಲ, ಅದೇ ಸಣ್ಣಕ್ಕನ ಗುಡ್ಡ. ಆ ಗುಡ್ಡದಾಗೆ ಆಗ ಕಲ್ಲು ಸಿಡ್ಸೋರು. ಪಕ್ಕದಾಗೇ ಜಲ್ಲಿ ಕ್ರಷರ್ರು. ಕಲ್ಲಿಗೆ ತೂತು ಕೊರ್ದು ಮದ್ದು ತುಂಬಿ, ಮದ್ಯಾನ ನಾವು ಉಂಡು ಅಂಗೇ ಒಂಚೂರು ಒರ್ಗೋ ಒತ್ತಿಗೆ ಸರ್ಯಾಗಿ ಧಂ ಅನ್ನುಸ್ಬುಡೋರು. ಅಮ್ಮಮ್ಮಾ, ಎದೆ ಒಳಗೆ ಬಂದು ಒಡುದಂಗಾಗೋದು. ನೆಲು ಮ್ಯಾಲಿನ ಮಡ್ಕೆ ಅಲ್ಲಾಡೋವು. ಎಮ್ಮೆ ಬೆದ್ರಿ ಗೂಟ ಕಿತ್ಕಂಡು ಓಗೋದು, ಸಂದೆ ಕರಿಯಾಕೆ ಕೂತ್ರೆ ಸೊರ ಬುಡ್ತಿರ್ಲಿಲ್ಲ, ಕೆಚ್ಚಲಿಗೆ ಆಲೇ ಇಳೀತಿರ್ಲಿಲ್ಲ. ನಿಮ್ ತಾತ ತಾನೇ ಮಣ್ಣು ತುಳ್ದು ಕಟ್ಟಿದ್ ಗೋಡೆ, ಆ ಕ್ವಾಣೆ ಗೋಡೆ, ಮ್ಯಾಲಿಂದ ಕೆಳಗಂಟ ಸೀಳ್ಕಂಡಿತ್ತು. ಬಟ್ಟೆ ಒಣ್ಗಾಕುದ್ರೆ ಬೂದಿ, ಉಲ್ಲು ಕೊಯ್ಕಂಡ್ ಬಂದ್ರೆ ಉಲ್ಲ ಮ್ಯಾಲೂ ಬೂದಿ. ಬೂದಿ ಅಲ್ಲ, ಕಲ್ಲಿನ ದೂಳು, ಆದ್ರೆ ಬೂದಿನಂಗೇ ಇರೋದು. ಅದ್ನ ತಿಂದ ದನ ಕೆಮ್ಮೋವು ಕಣ್ಲಾ, ದನ ಕೆಮ್ಮೋದು ಕೇಳಿದ್ಯಾ ನೀನು?

ಅದೆಲ್ಲ ಓಗ್ಲಿ ಅನ್ಕಂಡು ಇದ್ವು. ಒಂದಿನ, ಇಗೋ ಸಿಂಚನ, ನೀನೀಗ ಕುಂತಿದ್ದೀಯಲ್ಲ ಅದೇ ಜಾಗ್ದಲ್ಲಿ ನಿನ್ ತೊಟ್ಲು ತೂಗಾಕಿದ್ವು. ನೀನು ಒಂದೇ ಸಮ ಅಳ್ತಿದ್ದೆ ಅಂತ ನಿಮ್ಮವ್ವ ಆಲು ಕುಡ್ಸಕ್ಕೆ ಒಳೀಕೆ ಎತ್ಕಂಡೋದ್ಲು. ಇನ್ನೂ ಒಸ್ಲು ದಾಟಿಲ್ಲ ಅವ್ಳು, ಧಂ ಅಂತು, ಅದ್ರ ಹಿಂದೇನೇ ಎಂಚು ಒಡ್ಕಂಡು ಬಿತ್ತು ನೋಡು ಕಲ್ಲು, ತೊಟ್ಲೊಳೀಕೆ. ಬೆಲ್ಲದಚ್ಚಿನಷ್ಟು ದಪ್ಪ. ನೀನು ಮಲ್ಗಿದ್ದ ದುಪ್ಟಿ ಮ್ಯಾಲೆ ಕುಂತಿತ್ತು ಕಣವ್ವ, ಬಿಸಿಬಿಸಿ. ನಾನು ಮುಟ್ಟಿ ನೋಡ್ದೆ. ನಿಮ್ಮವ್ವ ನಿನ್ನ ಅವುಚ್ಕಂಡು ಅಲ್ಲೇ ಕುಸುದ್ಲು. ಅಳಕ್ಕೂ ಆಗ್ಲಿಲ್ಲ ನಮ್ಗೆ. ನಿಮ್ಮಪ್ಪ ಕ್ವಾಪದಲ್ಲಿ ಆ ಕಲ್ಲೇ ಎತ್ಕಂಡು ಕ್ರಷರ್ ತಾವ ಓದ. ಅವ್ರೇನಂದ್ರು ಗೊತ್ತಾ? ‘ಏನೂ ಆಗ್ಲಿಲ್ವಲ್ಲ ಬುಡಿ ಗೌಡ್ರೆ, ಒಸ ಎಂಚು ಆಕುಸ್ಕೊಡ್ತೀವಿ.’ ಎಂಚು ಆಕುಸ್ಕೊಡ್ತಾರಂತೆ! ಕೂಸ್ನ ಆಕುಸ್ಕೊಟ್ಟಾರಾ?

ಅಷ್ಟ್ರಲ್ಲಿ ಬಂತು ತಾಲೂಕು ಪಂಚಾಯ್ತಿ ಎಲೆಕ್ಷನ್ನು. ನಮ್ ಕಡೆ ಸೀಟು ಎಂಗಸ್ರಿಗೆ ಅಂತ ಆಯ್ತು. ಸರಿ, ಒಂದು ದೊಡ್ಡ ಪಕ್ಸದಿಂದ ಯಾರು ನಿಂತ್ರು? ಕ್ರಷರ್ನೋನ ಎಡ್ತಿ. ಇನ್ನೊಂದು ದೊಡ್ಡ ಪಕ್ಸದಿಂದ? ಆ ಕ್ರಷರ್ ಜಲ್ಲಿ ಸಾಗುಸ್ತಾವಲ್ಲ ಟಿಪ್ಪರು, ಆ ಟಿಪ್ಪರ್ನೋನ ಎಡ್ತಿ! ನೋಡುದ್ಯಾ ಆಟ್ವ? ಗೋಡೆಗಂಟ್ಸಿದ ಪಟದಲ್ಲಿ ಗಂಡಂದಿರು ಇಷ್ಟುದ್ದ ಕೈಮುಕ್ಕಂಡು ನಿಂತವ್ರೆ, ಎಡ್ತೀರು ಮೂಲೇಲಿ ಸ್ಟ್ಯಾಂಪಿನಷ್ಟು. ಆ ಎಣ್ಮಕ್ಳು ಪಾಪ ನಮ್ಮೂರಿಗೆ ಬಂದು ಕಾರಿಂದಾನೂ ಇಳೀಲಿಲ್ಲ, ಇಳಿಯಕ್ಕೆ ಬುಡ್ಲೂ ಇಲ್ಲ ಅನ್ನು. ಯಾರು ಗೆದ್ರೂ ಗುಡ್ಡ ಸಿಡೀಬೇಕು, ಅಷ್ಟೇಯ.

ಮೂರ್ನೇಯೋಳು ಸಾವಿತ್ರಮ್ಮ. ಪಕ್ಕದ ಊರೋಳು, ರವ್ಕೆ ಒಲಿಯೋಳು, ಟೈಲರ್ ಸಾವಿತ್ರಮ್ಮ ಅಂತ್ಲೇ ಎಸ್ರು. ಅವ್ಳ ಮನೆ ಗೋಡೆ ಒಂದು ಕಡೆ ಬಿದ್ದೇ ಓಗಿತ್ತು. ಪಾಂಡವಪುರಕ್ಕೆ ಆಪೀಸು ಆಪೀಸು ಅಲ್ದು ಚಪ್ಲಿ ಸವ್ಸಿದ್ಲು, ಯಾರೂ ಕಿವಿಗಾಕ್ಕಳ್ಳಲಿಲ್ಲ, ಕೊನೆಗೆ ನಾನೇ ನಿಂತ್ಕತೀನಿ ಅಂತ ನಿಂತ್ಬುಟ್ಳು. ಪಕ್ಸ ಇಲ್ಲ, ಕಾರಿಲ್ಲ, ಮೈಕಿಲ್ಲ. ಅವ್ಳಿಗೆ ಕೊಟ್ಟ ಗುರ್ತು ಬಾಣ್ಲೆ. ಮನೇಲಿದ್ದ ಬಾಣ್ಲೇನೇ ಎತ್ಕಂಡು, ಸೌಟಲ್ಲಿ ಠಣ್ ಠಣ್ ಅಂತ ಬಡ್ಕಂಡು ಬೀದಿ ಬೀದಿ ನಡ್ಕಂಡ್ ಬರೋಳು, ಜೊತೇಲಿ ಅವ್ಳ ನಾದ್ನಿ ಒಬ್ಳು. ಗಂಡುಸ್ರು ಕಟ್ಟೆ ಮ್ಯಾಲೆ ಕುಂತ್ಕಂಡು ನಗೋರು: ‘ಏನಮ್ಮೋ, ಬೋಂಡ ಮಾರಕ್ಕೆ ಬಂದ್ಯಾ?’ ಅವ್ಳು ‘ಊಂ ಕಣಣ್ಣ, ನೀನು ಗುಡ್ಡ ಸಿಡ್ಸೋದ್ನ ನಿಲ್ಸು, ಪುಗ್ಸಟ್ಟೆ ಕೊಡ್ತೀನಿ’ ಅನ್ನೋಳು. ಗಟ್ಟಿಗಿತ್ತಿ! ನಮ್ಮ ಜಗ್ಲಿಗೂ ಬಂದ್ಲು. ಒಡ್ದಿದ್ದ ಎಂಚು ನೋಡುದ್ಲು, ತೊಟ್ಲು ನೋಡುದ್ಲು, ಕುಂತ್ಕಂಡು ಒಂದ್ಲೋಟ ನೀರು ಕುಡುದ್ಲು. ಆಮ್ಯಾಕೆ ‘ಅಕ್ಕಯ್ಯ, ನಾನು ಗೆಲ್ತೀನಿ ಅಂತ ಯೋಳಲ್ಲ. ಗುಡ್ಡ ನಿಲ್ಲುಸ್ಬೇಕು ಅಂತ ಬಾಯ್ಬುಟ್ಟು ಯೋಳ್ತಿರೋಳು ನಾನೊಬ್ಳೇಯ. ಆ ಮಾತು ನಿಂಗೆ ನಿಜ ಅನ್ಸುದ್ರೆ ಆಕು, ಇಲ್ದಿದ್ರೆ ಬ್ಯಾಡ’ ಅಂದ್ಲು. ಅಂಗಂದು ಎದ್ದೋದ್ಲು. ನಾನು ಅವತ್ತೇ ತೀರ್ಮಾನ ಮಾಡ್ದೆ.

ಈಗ ಊರ ಪದ್ದತಿ ಯೋಳ್ಬೇಕು ನಿಮ್ಗೆ, ಇಲ್ದಿದ್ರೆ ತಿಳಿಯಲ್ಲ. ಆಗೆಲ್ಲ ಎಲೆಕ್ಷನ್ನು ಬಂದ್ರೆ ಊರೊಟ್ಟು ಅಂತ ಮಾಡೋರು. ಊರ ಯಜಮಾನ್ರು ಕುಂತು, ಈ ಸಲ ಊರು ಇಂಥೋರಿಗೆ ಅಂತ ತೀರ್ಮಾನ ಮಾಡೋದು, ಆಮ್ಯಾಕೆ ಮಾರಮ್ಮನ ಗುಡೀಲಿ ಆಣೆ. ಅಮ್ಮನ ಮುಂದೆ ಆಲು ತುಂಬಿದ ಚೊಂಬು ಮಡ್ಗಿ, ಬೇವಿನ ಸೊಪ್ಪಾಕಿ, ಒಂದೊಂದು ಮನೆ ಯಜಮಾನ ಓಗಿ ಚೊಂಬು ಮುಟ್ಟಿ ‘ನಮ್ಮನೆ ಓಟು ಊರ ಮಾತಿಗೆ’ ಅನ್ಬೇಕು. ಅವ್ನೊಬ್ಬ ಮುಟ್ಟಿದ್ರೆ ಮನೆಯೋರೆಲ್ಲ ಆಕ್ದಂಗೆ ಲೆಕ್ಕ. ನಮ್ಮೂರ ದೊಡ್ಡ ಯಜಮಾನ ಯಾರು ಗೊತ್ತಲ್ಲ, ನಮ್ ಭಾವ, ನಿಮ್ ತಾತನ ಅಣ್ಣ, ಬೋರೇಗೌಡ್ರು. ಆ ಸಲ ಅವ್ರು ಒಪ್ಕಂಡಿದ್ದು ಕ್ರಷರ್ನೋನ ಎಡ್ತೀನ. ಯಾಕಂದ್ರೆ ಕ್ರಷರ್ನೋನು ಮಾರಮ್ಮನ ಗುಡಿಗೆ ಗೋಪ್ರ ಕಟ್ಟುಸ್ಕೊಡ್ತೀನಿ ಅಂದಿದ್ದ. ನಮ್ ಮನೆ ಬೀಳ್ಸಿದ ಕಲ್ಲಲ್ಲೇ ನಮ್ಮಮ್ಮಂಗೆ ಗೋಪ್ರ! ಮನೆಮನೆಗೆ ಸೀರೆ ಬಂತು. ಅಸ್ರು ಸೀರೆ, ಅಲ್ಲಲ್ಲ, ನೀಲಿ, ಅಸ್ರು ಟಿಪ್ಪರ್ನೋರದು. ನಾನು ಎರಡ್ನೂ ಆ ಕ್ರಷರ್ ಗೇಟಿನ ಮ್ಯಾಲೇ ನೇತಾಕಿ ಬಂದೆ, ಯಾರು ಕೊಟ್ರೋ ಅವ್ರೇ ತಕ್ಕಂಡೋಗ್ಲಿ ಅಂತ. ನೀಲಿ ಚೆನ್ನಾಗೇ ಇತ್ತು, ಸುಳ್ಳ್ಯಾಕೆ ಯೋಳ್ಲಿ.

ಆಣೆ ದಿನ ನಿಮ್ಮಪ್ಪ ಎಲ್ಲಿ? ಅಕ್ಕಿಹೆಬ್ಬಾಳಲ್ಲಿ! ಅವ್ನ ಅಕ್ಕನ ಮನೇಲಿ ಏನೋ ಕೆಲ್ಸ ಐತೆ ಅಂತ ವತ್ತಾರೇನೇ ಬಸ್ಸತ್ಬುಟ್ಟ. ಏನು ಕೆಲ್ಸ? ದೊಡ್ಡಪ್ಪನ ಎದ್ರುಗೆ ನಿಂತ್ಕಳಕ್ಕೆ ಎದ್ರಿಕೆ, ಅದೇ ಕೆಲ್ಸ. ಅದ್ಕೆ ನಮ್ಮನೆ ಸರದಿ ಬಂದಾಗ ಗಂಡುಸ್ರು ಯಾರೂ ಇಲ್ಲ. ಗಂಡುಸ್ರೆಲ್ಲ ಗುಡಿ ಮುಂದೆ, ಎಂಗಸ್ರೆಲ್ಲ ಹಿಂದೆ ಬೇವಿನ ಮರದ ತಾವ ನಿಂತಿದ್ವು. ಭಾವ ಗಂಟ್ಲು ಸರಿ ಮಾಡ್ಕಂಡು ‘ತಮ್ಮನ ಮಗ ಮಾದೇವ ಇಲ್ದಿದ್ರೆ ಆ ಮನೆ ಯಜಮಾನಿ ಬಂದು ಮುಟ್ಲಿ’ ಅಂದ್ರು. ನನ್ ಕಡೆ ನೋಡ್ಲೂ ಇಲ್ಲ. ತಮ್ಮನ ಎಡ್ತಿ ಜೊತೆ ನೇರ ಮಾತಾಡೋ ಅಂಗಿರ್ಲಿಲ್ಲ ಆಗ, ನಾವೂ ಭಾವನ್ ಮುಂದೆ ಬಾಯಿ ಬುಡೋ ಅಂಗಿರ್ಲಿಲ್ಲ. ಮದ್ವೆ ಆಗಿ ಬಂದಾಗ್ಲಿಂದ ಅವತ್ತಿನಗಂಟ ಒಂದು ಮಾತು ಅವ್ರ ಮುಖ ನೋಡಿ ಆಡ್ದೋಳಲ್ಲ ನಾನು. ಸೆರಗು ಒದ್ಕಂಡು ಮುಂದೆ ಓದೆ. ಚೊಂಬು ನೋಡುದ್ರೆ ನೊರೆನೊರೆ ಆಲು, ನಮ್ ಎಮ್ಮೆದೇ ಆಲಿರ್ಬೇಕು, ಪೂಜಾರಿ ಮಂಚಯ್ಯ ವತ್ತಾರೆ ನಮ್ಮಟ್ಟಿಯಿಂದ್ಲೇ ಇಸ್ಕಂಡೋಗಿದ್ದ. ಮುಟ್ಟಿ ಸುಳ್ಳಾಡಿದ್ರೆ ಅಮ್ಮ ಬುಟ್ಟಾಳಾ? ಮುಟ್ಟಿ ನಿಜ ಆಡೋದಾದ್ರೆ ನನ್ ಮೊಮ್ಮಗಳ ತೊಟ್ಲಿಗೆ ಕಲ್ಲಾಕ್ದೋನಿಗೆ ನಾನೇ ಓಟಾಕ್ಬೇಕು. ಯಾವ ಕಡೆ ಓಗ್ಲಿ ಯೋಳು?

ಭಾವನ್ನ ಕೇಳೋ ಅಂಗಿಲ್ಲ, ಅದ್ಕೆ ಮಂಚಯ್ಯನ್ನೇ ಕೇಳ್ದೆ. ಗಟ್ಟಿಯಾಗೇ ಕೇಳ್ದೆ. ‘ಮಂಚಯ್ಯ, ನಂಗೊಂದು ಅನುಮಾನ. ಈ ಚೊಂಬು ಮುಟ್ಟಿದ್ರೆ ಆಣೆ ಯಾರ್ಗೆ ತಗಲ್ತದೆ? ಮುಟ್ಟಿದ್ ಕೈಗಾ, ಇಲ್ಲಾ ಮನೇಲಿರೋ ಎಲ್ರುಗುವಾ?’ ಮಂಚಯ್ಯ ತಲೆ ಕೆರ್ಕಂಡ. ಭಾವನ್ ಮುಖ ನೋಡ್ದ, ಅಮ್ಮನ್ ಮುಖ ನೋಡ್ದ. ಒಳ್ಳೇ ಮನ್ಸ ಕಣ್ಲಾ ಅವ್ನು, ದ್ಯಾವ್ರ ಮುಂದೆ ಸುಳ್ಳಾಡ್ತಿರ್ಲಿಲ್ಲ. ‘ಮುಟ್ಟಿದ್ ಕೈಗೆ ಕಣ್ತಾಯಿ. ಮುಟ್ದೆ ಇರೋರ್ಗೆ ಎಂಗ್ ತಗಲ್ತದೆ? ಅಮ್ಮ ಅಂಗೆಲ್ಲ ಅನ್ಯಾಯ ಮಾಡಲ್ಲ’ ಅಂದ. ‘ಅಂಗಾದ್ರೆ ನಾನು ಮುಟ್ಟಲ್ಲ’ ಅಂದೆ. ಅಷ್ಟೇ ನಾನಂದಿದ್ದು. ಸೆರಗು ಸರಿ ಮಾಡ್ಕಂಡು ವಾಪಸ್ ಬಂದ್ಬುಟ್ಟೆ. ಆಮ್ಯಾಕೆ ಭಾವ ಮ್ಯಾಕೆದ್ದು, ನನ್ನಲ್ಲ, ಆಕಾಸ ನೋಡ್ಕಂಡು ಅಂದ್ರು: ‘ಊರೊಟ್ಟಿಗೆ ಬರ್ದೇ ಇರೋರ್ ಗದ್ದೆಗೆ ಊರೋರೂ ಬರಲ್ಲ. ಇವತ್ತಿಂದ ಆ ಮನೆಗೆ ಮುಯ್ಯಾಳು ಇಲ್ಲ.’

ಮುಯ್ಯಾಳು ಅಂದ್ರೆ ಗೊತ್ತೇನೆ ಸಿಂಚನ? ಈಗ ಮೆಷಿನ್ನು ಬಂದು ನಾಟಿ ಆಕ್ಬುಟ್ಟು ಓಯ್ತದೆ, ನಿಮ್ಗೇನ್ ಗೊತ್ತು. ಇವತ್ತು ನಾನು ನಿಮ್ ಗದ್ದೇಲಿ ನಾಟಿ ಆಕುದ್ರೆ ನಾಳೆ ನೀವೆಲ್ಲ ಬಂದು ನಮ್ ಗದ್ದೇಲಿ ಆಕೋದು. ಕೂಲಿ ಗೀಲಿ ಏನಿಲ್ಲ, ಆಳಿಗೆ ಆಳು. ಅದಿಲ್ದಿದ್ರೆ ಗದ್ದೆ ಎದ್ದೇಳಲ್ಲ. ಬ್ಯಾಸ್ಗೆ ಬತ್ತದ ಕಾಲ, ನಾಲೇಲಿ ನೀರು ಬುಟ್ಟವ್ರೆ, ಗದ್ದೆ ಕೆಸ್ರು ಮಾಡಿ ಮಡ್ಗಿದ್ದೀವಿ, ಒಟ್ಲು, ಅಂದ್ರೆ ನಾಟಿಗೆ ಅಂತ ಮಾಡಿದ್ ಸಸಿ ಪಾತಿ, ಬೆಳ್ದು ನಿಂತೈತೆ. ಪೈರು ಕಿತ್ತು ನಾಟಿ ಆಕೋಕೆ ಜನ ಇಲ್ಲ! ನಾನೂ ನಿಮ್ಮವ್ವಾನೂ ಸೊಂಟ ಮುರ್ಕಂಡು ಆಕುದ್ವು, ಒಂದು ಮೂಲೇನೂ ಮುಗೀಲಿಲ್ಲ. ಒಟ್ಲು ದಿನದಿನಕ್ಕೆ ಬಲೀತಾ ಓಯ್ತದೆ, ಬಲ್ತ ಪೈರು ನಟ್ರೆ ತೆಂಡೆ ಒಡಿಯಲ್ಲ, ಬುಡದಿಂದ ಒಸ ಕವಲು ಬರಲ್ಲ. ನಿಮ್ಮವ್ವ ಕೆಸ್ರಲ್ಲೇ ನಿಂತ್ಕಂಡು ಅಂದ್ಲು, ‘ಅತ್ತೆ, ಓಗಿ ಮುಟ್ಬುಡಿ ಅತ್ಲಾಗೆ. ವರ್ಸದ ಅನ್ನ ಓಯ್ತದೆ.’ ಪಾಪ, ಅವ್ಳದೂ ಸರೀನೇಯ.

ಯಾರು ಬರ್ದಿದ್ರೂ ಸೈ ಅನ್ನು, ನಮ್ ಜವ್ರಕ್ಕಾನೂ ಬರ್ಲಿಲ್ಲ. ಜವ್ರಕ್ಕ ಅಂದ್ರೆ ಭಾವನ್ ಎಡ್ತಿ, ನನ್ನ ಓರಗಿತ್ತಿ. ನಾನು ನಾಗಮಂಗ್ಲದ ಕಡೆಯೋಳು ಕಣ್ಲಾ, ಬಿಂಡಿಗನವಿಲೆ ಪಕ್ಕ, ರಾಗಿ ಒಲ ಬುಟ್ರೆ ಕುರಿ ಮಂದೆ, ಗದ್ದೆ ಕೆಸ್ರೇ ಕಂಡಿರ್ಲಿಲ್ಲ. ಮದ್ವೆ ಆಗಿ ಬಂದ ಒಸದ್ರಲ್ಲಿ ಗದ್ದೆಗಿಳ್ದು ದಬಕ್ ಅಂತ ಬಿದ್ದು, ಎಲ್ರೂ ನಗಾಡ್ದಾಗ, ನನ್ ಕೈ ಇಡ್ಕಂಡು ಎತ್ತಿ, ಬೆರಳು ಇಂಗೆ ಮಡುಚ್ಕೊ, ಪೈರಿನ ಬುಡ ಇಂಗೆ ಒತ್ತು ಅಂತ ಕಲ್ಸಿಕೊಟ್ಟೋಳು ಜವ್ರಕ್ಕ. ಅಂಥೋಳು ನಮ್ ಗದ್ದೆ ಬದಿನ ಮ್ಯಾಲೇ ಪಕ್ಕದ ಗದ್ದೆಗೆ ನಾಟಿಗೋದ್ಲು, ನನ್ ಕಡೆ ಮುಖಾನೂ ತಿರುಗುಸ್ಲಿಲ್ಲ. ನಂಗೆ ಅವತ್ತು ಅಳು ಬಂತು. ಕೆಸ್ರು ಕೈಲೇ ಕಣ್ಣೊರಸ್ಕಂಡು ಕಣ್ಣೆಲ್ಲ ಉರಿ.

ನಿಮ್ಮಪ್ಪ ಅಕ್ಕಿಹೆಬ್ಬಾಳಿಂದ ಬಂದು ಕುಣುದ ನೋಡು ನನ್ ಮ್ಯಾಲೆ. ‘ಅವ್ವ, ನೀನೊಬ್ಳು ಬಾಣ್ಲೆಗೆ ಆಕುದ್ರೆ ಆಯಮ್ಮ ಗೆದ್ಬುಡ್ತಾಳಾ? ಊರಲ್ಲಿ ಮುಖ ತೋರ್ಸೋ ಅಂಗೆ ಮಡಗ್ಲಿಲ್ವಲ್ಲ. ಸುಮ್ಕೆ ಓಟು ಆಳಾಯ್ತು!’ ಈಗ ನೀನು ವೇಸ್ಟು ಅಂದ್ಯಲ್ಲ, ಅದೇ ಮಾತು ಕಣ್ಲಾ, ಆಗ ಆಳು ಅಂತಿದ್ರು, ಈಗ ವೇಸ್ಟು ಅಂತೀರ. ನಾನಂದೆ, ‘ಗೆಲ್ದೆ ಇದ್ರೆ ಬ್ಯಾಡ ಬುಡು. ಕ್ರಷರ್ಗೆ ಓಟಾಕ್ಬುಟ್ಟು ಬಂದು, ಅದೇ ಕೈಲಿ ಈ ತೊಟ್ಲು ಎಂಗ್ಲಾ ತೂಗ್ಲಿ?’ ಅವ್ನು ಎದ್ದು ಎಮ್ಮೆಗೆ ನೀರು ಕುಡ್ಸಕ್ಕೆ ಓದ.

ಓಟಿನ ದಿನ ವತ್ತಾರೆ ನೀರಾಕ್ಕಂಡು, ಮದ್ವೆ ಸೀರೆ ಉಟ್ಕಂಡು, ಊ ಮುಡ್ಕಂಡ್... ಅಲ್ಲ, ಊವೆಲ್ಲಿ ಮುಡೀಲಿ ನಾನು, ನಿಮ್ ತಾತ ಓಗಿದ್ರಲ್ಲ. ಸೀರೆ ಉಟ್ಕಂಡು ಇಸ್ಕೂಲು ತಾವ ಓದೆ. ಒಂಗೆ ಮರದಡಿ ಭಾವ ಕುರ್ಚಿ ಆಕ್ಕಂಡು ಕುಂತಿದ್ರು, ಒಬ್ಬೊಬ್ರುನ್ನೂ ನೋಡ್ತಾ. ಎಂಗಸ್ರೆಲ್ಲ ತಲೆ ಬಗ್ಸ್ಕಂಡು ಸಾಲಲ್ಲಿ. ನನ್ ಹಿಂದೆ ಜಾಗ ಬುಟ್ಟು ನಿಂತ್ಕಳೋರು, ನನ್ ನೆರಳು ತಾಕುದ್ರೆ ಮುಯ್ಯಾಳು ಓಯ್ತದೇನೋ ಅನ್ನೋ ಅಂಗೆ. ಒಳೀಕೆ ಓದೆ. ಮಸಿ ಆಕುದ್ರು. ರಟ್ಟಿನ ಹಿಂದೆ ನಾನೊಬ್ಳೇ. ಗಂಡ ಇಲ್ಲ, ಭಾವ ಇಲ್ಲ, ಮಗ ಇಲ್ಲ. ಜೀವ್ಮಾನದಲ್ಲಿ ಅಂಥ ಜಾಗ ನಂಗೆ ಬೇರೆ ಇರ್ಲೇ ಇಲ್ಲ ಕಣ್ರಪ್ಪ. ಬಾಣ್ಲೆ ಗುರ್ತು ಕೆಳಗಿತ್ತು. ಬೆರಳು ಒತ್ತಿದೆ. ಕುಯ್ಯ್ ಅಂತ ಕೂಗ್ತು. ಆ ಸದ್ದು ಈಗ್ಲೂ ಕಿವೀಲೈತೆ. ಈಚೆಗೆ ಬಂದು, ಭಾವನ ಕುರ್ಚಿ ಮುಂದ್ಲಿಂದ್ಲೇ, ತಲೆ ಎತ್ಕಂಡೇ ಮನೆಗೆ ನಡುದೆ. ಊರಲ್ಲಿ ಬಾಣ್ಲೆಗೆ ಬೀಳೋದು ನಂದೊಂದೇ ಓಟು ಅಂತ ನಂಗೆ ಖಾತ್ರಿ ಇತ್ತು. ಇರ್ಲಿ, ಒಂದಾದ್ರೂ ಇರ್ಲಿ ಅನ್ಕಂಡೆ.

ಎಣಿಕೆ ಪಾಂಡವಪುರದಲ್ಲಿ. ಭಾವ, ಊರ ಗಂಡುಸ್ರೆಲ್ಲ ಆಟೋ ಟೆಂಪೋ ಮಾಡ್ಕಂಡು ಊವಿನ ಆರ, ಪಟಾಕಿ ತಕ್ಕಂಡು ಓದ್ರು. ನಾವು ಎಂಗಸ್ರು ಸಂದೆ ಡೇರಿ ತಾವ ಆಲಿನ ಕ್ಯಾನು ಇಡ್ಕಂಡು ನಿಂತಿದ್ವು, ನಾನು ಮಾಮೂಲಿನಂಗೆ ಒಂಟಿಯಾಗಿ ಒಂದು ಕಡೆ. ಆಟೋ ಬಂತು. ಪಟಾಕಿ ಸದ್ದಿಲ್ಲ, ಆರ ಅಂಗೇ ಪ್ಯಾಕೆಟ್ಟಲ್ಲಿ. ಭಾವ ಇಳ್ದೋರೇ, ಮುಖ ಕೆಂಪು ಕೆಂಡ: ‘ಟಿಪ್ಪರ್ನೋನು ಗೆದ್ದ! ಅದು ಸಾಯ್ಲಿ, ನಮ್ ಬೂತಲ್ಲಿ ಬಾಣ್ಲೆ ಮುಂದು! ಕ್ರಷರ್ನೋರು ಎಲ್ರ ಎದ್ರುಗೆ ನನ್ ಮುಖಕ್ಕೆ ಮಂಗ್ಳಾರ್ತಿ ಎತ್ತುದ್ರು. ಗುಡೀಲಿ ಆಣೆ ಮಾಡಿದ್ ಊರು ಕಣ್ರಯ್ಯಾ ಇದು! ಆ ಒಂದು ಮನೆ ಅಂತ ಅನ್ಕಂಡಿದ್ದೆ, ಇನ್ ಯಾರ್ಯಾರು ಆಕುದ್ರಿ? ಯೋಳಿ!’

ನಂಗೆ ಕಿವೀನೇ ನಂಬಕ್ಕಾಗ್ಲಿಲ್ಲ. ಬಾಣ್ಲೆ ಮುಂದಾ? ನಮ್ಮೂರಲ್ಲಾ? ಆಗ ನೋಡಿ, ಸಾಲಿನ ಮದ್ಯದಿಂದ ಒಬ್ಳು ಕ್ಯಾನು ಕೆಳಗಿಟ್ಲು, ಸೆರಗು ಸೊಂಟಕ್ಕೆ ಸಿಗುಸ್ಕಂಡ್ಲು. ಜವ್ರಕ್ಕ!

‘ನಾನಾಕ್ದೆ’ ಅಂದ್ಲು.

ಭಾವ ಅವ್ಳ ಕಡೆ ತಿರುಗುದ್ರು. ‘ಏನಂದೆ? ಆಣೆ ಮುರುದ್ಯಾ?’

‘ನಾನೆಲ್ಲಿ ಆಣೆ ಮಾಡ್ದೆ? ಚೊಂಬು ಮುಟ್ಟಿದ್ದು ನಿಮ್ ಕೈ. ನಿಮ್ ಕೈ ಆಣೆ ಉಳುಸ್ಕಂಡೈತೆ, ಅಮ್ಮ ಮೆಚ್ಗಂತಾಳೆ ಬುಡಿ. ನನ್ ಕೈ ಅವತ್ತು ನನ್ ಸೊಂಟದ ಮ್ಯಾಲಿತ್ತು. ಮುಟ್ಟಿದ್ ಕೈಗೆ ಮಾತ್ರ ಆಣೆ ಅಂತ ಮಂಚಯ್ಯ ಎಲ್ರ ಎದ್ರುಗೇ ಅಂದ್ನಲ್ಲ, ನಿಮ್ಗೆ ಕೇಳುಸ್ಲಿಲ್ವಾ? ನಮ್ಗೆ ಬೇವಿನ ಮರದಗಂಟ ಕೇಳುಸ್ತು!’

ಅಯ್ಯೋ, ಅವ್ಳು ಅಂಗಂದಿದ್ದೇ ತಡ, ಪಕ್ಕದೋಳು ‘ನಾನೂ ಆಕ್ದೆ’ ಅಂದ್ಲು. ಅದ್ರ ಪಕ್ಕದೋಳು ‘ನಾನೂವೆ, ನನ್ ಸೊಸೇನೂವೆ.’ ಸೊಸೆ ಕಣ್ಣು ಬುಟ್ಟು ಅತ್ತೆ ಮುಖ ನೋಡ್ತಾವ್ಳೆ, ‘ಅತ್ತೆ, ನೀವೂವಾ? ನಾನು ನಿಮ್ಗೆ ಎದ್ರುಕಂಡು ಬಾಯೇ ಬುಡ್ಲಿಲ್ವಲ್ಲ!’ ಅಂತ. ಕೇಳ್ತಾ ಕೇಳ್ತಾ ಸಾಲಿಗೆ ಸಾಲೇ ನಾನೂ ನಾನೂ ಅಂತು ಕಣ್ಲಾ! ಒಬ್ಬೊಬ್ಳೂ ಊರಲ್ಲಿ ನಾನೊಬ್ಳೇ ಕಳ್ಳಿ ಅನ್ಕಂಡು, ಒಳೀಕೆ ಓಗಿ, ಬಾಣ್ಲೆ ಒತ್ತಿ, ಬಾಯಿ ಒಲ್ಕಂಡು ಬಂದವ್ಳೆ. ಎಲ್ರ ಮನೆ ಗೋಡೇನೂ ಸೀಳಿತ್ತು, ಎಲ್ರ ಮನೇಲೂ ತೊಟ್ಲಿತ್ತು. ನಗು ಶುರುವಾಯ್ತು ನೋಡು ಅಲ್ಲಿ, ಆಲು ಅಳಿಯೋ ಉಡುಗ ಅಳತೆ ಬುಟ್ಟು ಆಚೆ ಬಂದ. ಯಾರೋ ಕ್ಯಾನಿನ ಮುಚ್ಳ ತಕ್ಕಂಡು ಠಣ್ ಠಣ್ ಬಡುದ್ರು, ಬಾಣ್ಲೆ ಬಡ್ದಂಗೆ. ನಾನು ನಗ್ತಾನೂ ಇದ್ದೆ, ಅಳ್ತಾನೂ ಇದ್ದೆ, ಎರಡೂ ಒಟ್ಗೆ. ಭಾವ ಪಟಾಕಿ ಚೀಲ ಬಗಲಿಗಿಟ್ಕಂಡು ಮನೆ ಕಡೆ ನಡುದ್ರು. ಗಂಡುಸ್ರು ಒಬ್ಬೊಬ್ರೇ ಕರಗೋದ್ರು.

ಮಾರನೇ ದಿನ ಬೆಳಕರಿತಾ ನಾನೂ ನಿಮ್ಮವ್ವಾನೂ ಗದ್ದೆಗೋದ್ರೆ, ಆಗ್ಲೇ ಒಟ್ಲಲ್ಲಿ ಬಗ್ಗಿ ಪೈರು ಕೀಳ್ತಾವ್ರೆ ಎಂಗಸ್ರು, ಬದಿನ ತುಂಬ! ಎಲ್ರಿಗಿಂತ ಮುಂದೆ ಜವ್ರಕ್ಕ, ಮೊಣಕಾಲ್ಗಂಟ ಕೆಸ್ರು. ‘ಒಟ್ಲು ಬಲ್ತೋಗೈತೆ ಕಣಮ್ಮಿ, ಒತ್ತೊತ್ತಾಗಿ ನಡ್ಬೇಕು, ಇಳಿ ಇಳಿ’ ಅಂದ್ಲು, ಏನೂ ಆಗೇ ಇಲ್ಲ ಅನ್ನೋ ಅಂಗೆ. ನಂಗೆ ಕ್ವಾಪ ಬಂತು. ‘ಅಕ್ಕ, ನಂಗೊಂದು ಮಾತು ಯೋಳ್ಬಾರ್ದಾಗಿತ್ತಾ? ಅಷ್ಟು ದಿನ ಒಬ್ಳೇ ಅತ್ಕಂಡು ಕುಂತಿದ್ನಲ್ಲ!’ ಅಂದೆ. ಅವ್ಳು ನೆಟ್ಟಗೆ ನಿಂತ್ಕಂಡು, ‘ಯೋಳುದ್ರೆ ನೀನು ಕುಸೀಲಿ ಊರೆಲ್ಲ ಸಾರ್ಬು‌ಡ್ತಿದ್ದೆ. ನಿನ್ ಬಾಯಿ ಗೊತ್ತಿಲ್ವಾ ನಂಗೆ? ಅವತ್ತು ನಿನ್ ಗದ್ದೆ ಮುಂದೆ ತಿರುಗಿ ನೋಡಿದ್ರೆ ನಂಗೇ ಅಳು ಬಂದ್ಬುಡೋದು, ಅದ್ಕೇ ನೋಡ್ಲಿಲ್ಲ’ ಅಂದ್ಲು. ಆಮ್ಯಾಕೆ ನನ್ ಕೈ ಇಡ್ಕಂಡು ಕೆಸ್ರಿಗೆ ಎಳ್ಕಂಡ್ಲು, ಮದ್ವೆ ಆಗಿ ಬಂದಾಗ ಎಳ್ಕಂಡಂಗೇಯ. ಒತ್ತು ಮುಳುಗೋದ್ರೊಳಗೆ ಗದ್ದೆ ಅಸ್ರಾಯ್ತು.

ಸಾವಿತ್ರಮ್ಮ ಗೆದ್ಲಾ? ಇಲ್ಲ ಕಣ್ಲಾ, ಸೋತ್ಲು. ಬೇರೆ ಊರಲ್ಲೆಲ್ಲ ಸೋತ್ಲು. ತಡಿ, ಅಲ್ಲೇ ನಿಲ್ಲಬ್ಯಾಡ. ನಮ್ಮೂರ ಎಂಗಸ್ರು ಇಂಗೆ ಮಾಡವ್ರೆ ಅಂತ ಸುದ್ದಿ ಅಬ್ಬುತು ನೋಡು, ಗೆದ್ದ ಟಿಪ್ಪರ್ನೋನು ಓಡ್ಬಂದ, ಸೋತ ಕ್ರಷರ್ನೋನೂ ಓಡ್ಬಂದ. ಮುಂದಕ್ಕೆ ದೊಡ್ಡ ಎಲೆಕ್ಷನ್ನು ಬರ್ತದಲ್ಲ, ಎದ್ರಿಕೆ! ಇಬ್ರೂ ಇದೇ ಜಗ್ಲಿ ಮ್ಯಾಲೆ ಕುಂತು, ‘ಏನ್ ತಾಯಿ, ನಿಮ್ಗೇನಾಗ್ಬೇಕು ಯೋಳಿ’ ಅಂದ್ರು. ಎಂಗಸ್ರೆಲ್ಲ ಸೇರಿ ಒಂದೇ ಮಾತು: ‘ಗುಡ್ಡ ನಿಲ್ಸಿ.’ ಕ್ರಷರ್ನೋನು ಟಿಪ್ಪರ್ನೋನ್ನ ಬೈದ, ಟಿಪ್ಪರ್ನೋನು ಕ್ರಷರ್ನೋನ್ನ ಬೈದ, ಕೊನೆಗೆ ಗೆದ್ದೋನೇ ಮ್ಯಾಲಿನೋರಿಗೆ ಅರ್ಜಿ ಕೊಡ್ಬೇಕಾಯ್ತು. ಮಳೆಗಾಲ ಬರೋವಷ್ಟ್ರಲ್ಲಿ ಆಪೀಸರ್ರು ಜೀಪಲ್ಲಿ ಬಂದು, ಗೋಡೆಗೋಡೆ ನೋಡಿ, ಕ್ರಷರ್ಗೆ ಬೀಗ ಆಕುದ್ರು. ಸಾವಿತ್ರಮ್ಮನ ಕೈಲೇ ಬೀಗ ಮುಟ್ಟುಸುದ್ವು ನಾವು, ಸೋತೋಳ ಕೆಲ್ಸ ಗೆದ್ದೋರು ಮಾಡ್ಬೇಕಾಗಿ ಬಂತಲ್ಲ! ಅವತ್ತು ಅವ್ಳು ಆ ಬಾಣ್ಲೇನೇ ತಂದ್ಲು, ಮಾರಮ್ಮನ ಗುಡಿ ಮುಂದೆ ಒಲೆ ಆಕಿ ಊರಿಗೆಲ್ಲ ಬೋಂಡ ಬೇಯ್ಸುದ್ವು. ಭಾವಾನೂ ಬಂದ್ರು. ಬೇವಿನ ಮರದ ಕಡೆ ಮುಖ ಮಾಡ್ಕಂಡು ಕುಂತು, ‘ಉಪ್ಪು ಒಂಚೂರು ಕಮ್ಮಿ ಆಗೈತೆ’ ಅಂತ ಬೈಕಂಡೇ ಒಂದು ತಟ್ಟೆ ಮುಗ್ಸುದ್ರು. ಅವತ್ತೇ ಮೊದಲ್ನೇ ಸಲ ನಾನು ಅವ್ರ ಮುಖ ನೋಡಿ ಮಾತಾಡಿದ್ದು. ‘ಇನ್ನೆರಡು ಆಕ್ಲಾ ಭಾವ?’ ಅಂದೆ. ‘ಆಕಮ್ಮ’ ಅಂದ್ರು.

ಆಮ್ಯಾಕೆ ಗುಡೀಲಿ ಓಟಿಗೆ ಆಣೆ ಅನ್ನೋದು ನಿಂತೇ ಓಯ್ತು. ಅದ್ಕೇ ನಂಗೆ ಇವತ್ತು ಒಟ್ಟೆ ಉರೀತು ನೋಡು, ಚೊಂಬು ಓಯ್ತು ಅನ್ಕಂಡ್ರೆ ಈಗ ಫೋನು ಬಂದ್ಬುಟ್ಟೈತೆ. ಮನು, ನೀನು ಯಾರ್ಗಾದ್ರೂ ಆಕು, ನಂಗೆ ಯೋಳಬ್ಯಾಡ, ನಾನು ಕೇಳಾದೂ ಇಲ್ಲ. ನಿನ್ ಮನ್ಸು ಇವ್ರೇ ಸರಿ ಅಂತ ಯಾರ್ನ ತೋರುಸ್ತದೋ ಅವ್ರಿಗಾಕು, ಅವ್ರು ಗೆಲ್ಲೋದು ಬುಡೋದು ಆಮ್ಯಾಗಿನ ಮಾತು. ಓಗು, ನಿಮ್ಮಪ್ಪ ಕೊಟ್ಗೇಲವ್ನೆ, ಆ ಅಣ್ಣಂಗೆ ತಿರ್ಗಾ ಫೋನ್ ಮಾಡು ಅಂತ ಯೋಳು, ಅಜ್ಜಿ ಯೋಳುದ್ಲು ಅಂತ್ಲೇ ಯೋಳು: ನಮ್ಮನೇಲಿ ಐದೋಟಿಲ್ಲ, ಐದು ಜನ ಅವ್ರೆ. ಏಳಿ ಮ್ಯಾಕೆ, ಇಟ್ಟು ಆರೋಯ್ತದೆ.